ಲ್ಯಾಕ್ಟೋಬ್ಯಾಸಿಲಸ್ ಮನೆ ಪಾಲಾಯ್ತು

ಹೊಟ್ಟೆ ಕೆಟ್ಟಾಗ ಡಾಕ್ಟರು ಬರೆದುಕೊಡೋ ಪ್ರೊಬಯಾಟಿಕ್ ಡಬ್ಬಿಯ ಹಿಂಬದಿ ಯಾವತ್ತಾದರೂ ಓದಿದ್ದೀರಾ? ಮೊದಲು ‘ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್’ ಅಂತ ಇದ್ದದ್ದು ಈಗ ಕೆಲವು ಕಡೆ ‘ಲ್ಯಾಕ್ಟಿಕೇಸಿಬ್ಯಾಸಿಲಸ್ ರಾಮ್ನೋಸಸ್’ ಆಗಿದೆ. ಔಷಧಿಯನ್ನೇ ಬದಲಾಯಿಸಿಬಿಟ್ಟರಾ ಅಂತ ಅನುಮಾನ ಬರೋದು ಸಹಜ. ಬ್ಯಾಕ್ಟೀರಿಯಾ ಹಳೆಯದೇ, ಅದರ ಮನೆ ಹೆಸರು ಮಾತ್ರ ಬೇರೆ.

ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಕುಲಕ್ಕೆ ಆ ಹೆಸರಿಟ್ಟದ್ದು ಡಚ್ ವಿಜ್ಞಾನಿ ಬೇಯರಿಂಕ್, 1901ರಲ್ಲಿ. ಆಗ ಡಿಎನ್ಎ ಓದೋ ಯಂತ್ರಗಳಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣೋ ಆಕಾರ, ಯಾವ ಸಕ್ಕರೆ ತಿಂದು ಯಾವ ಆಮ್ಲ ಬಿಡುತ್ತೆ, ಎಷ್ಟು ಬಿಸಿಯಲ್ಲಿ ಬೆಳೆಯುತ್ತೆ, ಇಷ್ಟೇ ಆಧಾರ. ಕಡ್ಡಿಯ ಹಾಗಿದ್ದು ಲ್ಯಾಕ್ಟಿಕ್ ಆಮ್ಲ ತಯಾರಿಸೋದನ್ನೆಲ್ಲ ಒಂದೇ ಮನೆಗೆ ಸೇರಿಸ್ತಾ ಬಂದರು. 2020ರ ಹೊತ್ತಿಗೆ ಆ ಅವಿಭಕ್ತ ಕುಟುಂಬದಲ್ಲಿ 261 ಪ್ರಭೇದಗಳು!

ಜೀನೋಮ್ ಪೂರ್ತಿ ಓದೋಕೆ ಶುರು ಮಾಡಿದ ಮೇಲೆ ಗುಟ್ಟು ಹೊರಬಿತ್ತು. ಒಂದೇ ಮನೆಯವರು ಅಂದುಕೊಂಡಿದ್ದ ಎಷ್ಟೋ ಪ್ರಭೇದಗಳು ಬಲು ದೂರದ ನೆಂಟರು. ಇನ್ನೊಂದು ಕಡೆ, ದುಂಡಗಿದೆ ಅನ್ನೋ ಕಾರಣಕ್ಕೆ ಬೇರೆ ಕುಲ ಅನ್ನಿಸಿಕೊಂಡಿದ್ದ ಪೀಡಿಯೊಕಾಕಸ್, ವಂಶವೃಕ್ಷದಲ್ಲಿ ಇವುಗಳ ನಡುವೆಯೇ ಕೂತಿತ್ತು. ಆಕಾರ ನೋಡಿ ನೆಂಟಸ್ತನ ಹೇಳೋದು ಎಷ್ಟು ಕಷ್ಟ ನೋಡಿ.

2020ರ ಏಪ್ರಿಲ್‌ನಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಪಾಲು ಮಾಡಿಕೊಟ್ಟರು. ಒಂದು ಕುಲದ ಸದಸ್ಯರು 25 ಕುಲಗಳಿಗೆ ಹಂಚಿಹೋದರು, ಅದರಲ್ಲಿ 23 ಹೊಚ್ಚ ಹೊಸವು. ಜೀನ್‌ಗಳ ಜೊತೆ ರಸಾಯನಶಾಸ್ತ್ರವೂ ಸಾಕ್ಷಿ ಹೇಳಿತು. ಕೆಲವು ಬ್ಯಾಕ್ಟೀರಿಯಾಗಳು ಗ್ಲೂಕೋಸಿನಿಂದ ಬಹುಪಾಲು ಲ್ಯಾಕ್ಟಿಕ್ ಆಮ್ಲವನ್ನೇ ಮಾಡುತ್ತವೆ. ಮೊಸರಿನ ಬಲ್ಗಾರಿಕಸ್ ಈ ಗುಂಪಿನದು, ಹಳೇ ಮನೆಯಲ್ಲೇ ಉಳಿದಿದೆ. ಇನ್ನು ಕೆಲವು ಆಮ್ಲದ ಜೊತೆ ಗ್ಯಾಸನ್ನೂ ಬಿಡುತ್ತವೆ. ಇಡ್ಲಿ ಹಿಟ್ಟಿನಲ್ಲಿ ಸಿಗೋ ಫರ್ಮೆಂಟಮ್ ಅಂಥದ್ದು. ಅದೀಗ ‘ಲಿಮೋಸಿಲ್ಯಾಕ್ಟೋಬ್ಯಾಸಿಲಸ್’ ಮನೆಗೆ ಸೇರಿದೆ.

ಇದರಿಂದ ನಮಗೇನು ಅಂತೀರಾ? ತುಂಬಾ ನಿತ್ರಾಣವಾದ ರೋಗಿಗಳಲ್ಲಿ ಅಪರೂಪಕ್ಕೆ ಈ ಬ್ಯಾಕ್ಟೀರಿಯಾಗಳು ರಕ್ತಕ್ಕೂ ಸೇರಿ ಸೋಂಕು ತರುತ್ತವೆ. ವ್ಯಾಂಕೊಮೈಸಿನ್ ಅನ್ನೋ ಆ್ಯಂಟಿಬಯಾಟಿಕ್‌ಗೆ ಅಸಿಡೋಫಿಲಸ್ ಸಾಮಾನ್ಯವಾಗಿ ಬಗ್ಗುತ್ತೆ, ರಾಮ್ನೋಸಸ್ ಬಗ್ಗೋದಿಲ್ಲ. ಎರಡರ ಕೋಶಗೋಡೆಯ ರಾಸಾಯನಿಕ ಕಟ್ಟಡವೇ ಬೇರೆ. ಇಂಥ ಎರಡಕ್ಕೂ ಒಂದೇ ಮನೆ ಹೆಸರಿದ್ದರೆ, ಲ್ಯಾಬ್ ರಿಪೋರ್ಟಿನ ಆ ಒಂದು ಪದ ಡಾಕ್ಟರಿಗೆ ಹೇಳೋದು ಕಡಿಮೆ. ಸರಿಯಾದ ಹೆಸರು ಅಂದರೆ ಚಿಕಿತ್ಸೆಗೆ ಒಂದು ಸುಳಿವು.

ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಡೇಟಾಬೇಸಿನ ಪ್ರತಿ ದಾಖಲೆಗೂ ಒಂದು ಐಡಿ ಇರುತ್ತೆ. ಹೆಸರು, ವಿಳಾಸ ಎಷ್ಟು ಸಲ ಬದಲಾದರೂ ಐಡಿ ಬದಲಾಗಬಾರದು. ಇಲ್ಲಿ ಆ ಕೆಲಸ ಮಾಡೋದು ತಳಿಯ ಗುರುತು. ‘ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ’ ಮತ್ತು ‘ಲ್ಯಾಕ್ಟಿಕೇಸಿಬ್ಯಾಸಿಲಸ್ ರಾಮ್ನೋಸಸ್ ಜಿಜಿ’ ಎರಡೂ ಒಂದೇ. ಹಳೇ ಹೆಸರಿನಲ್ಲಿ ನಡೆದ ಪ್ರಯೋಗಗಳ ಫಲಿತಾಂಶ ಹೊಸ ಹೆಸರಿಗೂ ಸಲ್ಲುತ್ತೆ. ಆದರೆ ಜಿಜಿ ಬದಲು ಬೇರೆ ತಳಿ ಇದ್ದರೆ, ಮುಂದಿನ ಹೆಸರು ಅಕ್ಷರ ಬಿಡದೆ ಹೊಂದಿದರೂ ಅದೇ ಗುಣ ಸಿಗುತ್ತೆ ಅನ್ನೋ ಹಾಗಿಲ್ಲ.

ಹೆಸರಿಟ್ಟವರು ಒಂದು ಉಪಕಾರವನ್ನೂ ಮಾಡಿದ್ದಾರೆ. ರಾಮ್ನೋಸಸ್ ಸೇರಿದ ಕುಲವೂ ಸೇರಿದಂತೆ ಹಲವು ಹೊಸ ಕುಲಗಳ ಹೆಸರು ‘ಎಲ್’ ಅಕ್ಷರದಿಂದಲೇ ಶುರುವಾಗುತ್ತವೆ. ಹಾಗಾಗಿ ‘ಎಲ್. ರಾಮ್ನೋಸಸ್’ ಅಂತ ಚಿಕ್ಕದಾಗಿ ಬರೆದದ್ದು ಇವತ್ತಿಗೂ ಸರಿ. ಮುಂದಿನ ಸಲ ಮೆಡಿಕಲ್ ಶಾಪಿನಲ್ಲಿ ಡಬ್ಬಿ ಕೈಗೆ ಬಂದಾಗ ಉದ್ದ ಹೆಸರಿಗೆ ಹೆದರಬೇಡಿ, ಕೊನೆಯಲ್ಲಿರೋ ತಳಿಯ ಗುರುತು ನೋಡಿ. ಅದು ಡಾಕ್ಟರು ಬರೆದದ್ದಕ್ಕೆ ಹೊಂದದಿದ್ದರೆ, ಅಥವಾ ಗುರುತೇ ಇಲ್ಲದಿದ್ದರೆ, ತಗೊಳ್ಳೋ ಮುಂಚೆ ಅವರನ್ನೇ ಒಂದು ಮಾತು ಕೇಳಿ.