ಅಡುಗೆಮನೆಯಲ್ಲಿ ಹುಟ್ಟಿದ ನಾಲ್ಕು ಅಂಕಿ



ಬೆಳಿಗ್ಗೆ ಹಾಲಿನವನಿಗೆ, ಹನ್ನೊಂದು ಗಂಟೆಗೆ ಭಾಜಿವಾಲಾನಿಗೆ, ಸಂಜೆ ರಿಕ್ಷಾದವನಿಗೆ ಎಂದು ದಿನಕ್ಕೆ ಎಷ್ಟು ಸಲ ಮೊಬೈಲಿನಲ್ಲಿ ಆ ಗುಟ್ಟಿನ ಅಂಕಿಗಳನ್ನು ಒತ್ತುತ್ತೀರಿ? ಎಂದಾದರೂ ಲೆಕ್ಕ ಹಾಕಿದ್ದೀರಾ? ಎಟಿಎಂ ಕಾರ್ಡಿನ ಪಿನ್ ನಾಲ್ಕೇ ಅಂಕಿಯದು ಏಕೆ, ಮೂರಾಗಲಿ ಏಳಾಗಲಿ ಏಕಿಲ್ಲ ಎಂದು ನಿಮ್ಮ ಯಜಮಾನರನ್ನೋ ಕಾಲೇಜಿಗೆ ಹೋಗುವ ಮಕ್ಕಳನ್ನೋ ಒಮ್ಮೆ ಕೇಳಿ ನೋಡಿ. ದೊಡ್ಡ ಗಣಿತದ ಲೆಕ್ಕಾಚಾರ ಇರಬೇಕು ಎಂದು ತಲೆ ಕೆರೆದುಕೊಳ್ಳುತ್ತಾರೆ. ಉತ್ತರ ಬಹಳ ಸರಳ. ಒಬ್ಬ ಗೃಹಿಣಿಗೆ ನಾಲ್ಕಕ್ಕಿಂತ ಹೆಚ್ಚು ಅಂಕಿ ನೆನಪಿರುತ್ತಿರಲಿಲ್ಲ!

ಚಾಕೊಲೇಟ್ ಯಂತ್ರದಿಂದ ಹಣದ ಯಂತ್ರಕ್ಕೆ

ಜಾನ್ ಶೆಪರ್ಡ್-ಬ್ಯಾರನ್ ಎಂಬ ಸ್ಕಾಟಿಷ್ ದಂಪತಿಗಳ ಮಗ 1925ರಲ್ಲಿ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಮುಂದೆ ಇಂಗ್ಲೆಂಡಿನಲ್ಲಿ ನೋಟು ಮುದ್ರಿಸುವ ದ ಲಾ ರೂ ಕಂಪನಿಯಲ್ಲಿ ಅಧಿಕಾರಿಯಾದರು. ಒಂದು ಶನಿವಾರ ಇವರು ಹಣ ತೆಗೆಯಲು ಹೋಗುವಷ್ಟರಲ್ಲಿ ಬ್ಯಾಂಕಿನ ಬಾಗಿಲು ಮುಚ್ಚಿತ್ತು. ನಾಣ್ಯ ಹಾಕಿದರೆ ಚಾಕೊಲೇಟ್ ಕೊಡುವ ಯಂತ್ರವಿರುವಾಗ ನೋಟು ಕೊಡುವ ಯಂತ್ರ ಏಕಿರಬಾರದು ಎಂದು ಸ್ನಾನದ ತೊಟ್ಟಿಯಲ್ಲಿ ಕೂತು ಯೋಚಿಸಿದರಂತೆ. ಅವರ ಯಂತ್ರವನ್ನು 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಸ್ಥಾಪಿಸಿತು. ಅದರಲ್ಲಿ ಪ್ಲಾಸ್ಟಿಕ್ ಕಾರ್ಡಿನ ಬಳಕೆ ಇರಲಿಲ್ಲ. ಕಾರ್ಬನ್-14 ಎಂಬ ವಿಕಿರಣ ವಸ್ತುವನ್ನು ಅತಿ ಸ್ವಲ್ಪ ಲೇಪಿಸಿದ ಚೆಕ್ಕನ್ನು ಯಂತ್ರದೊಳಗೆ ಹಾಕಬೇಕಿತ್ತು. ಇದರಿಂದ ಅಪಾಯವಿಲ್ಲವೇ ಎಂದು ಕೇಳಿದರೆ, 1,36,000 ಚೆಕ್ ತಿಂದರೆ ಮಾತ್ರ ಏನಾದರೂ ಆದೀತು ಎನ್ನುತ್ತಿದ್ದರು.

ಚೆಕ್ಕಿನ ಜೊತೆ ಒಂದು ಗುಟ್ಟಿನ ಸಂಖ್ಯೆಯೂ ಬೇಕಲ್ಲ? ತಮ್ಮ ಸೈನ್ಯದ ದಿನಗಳ ಸಂಖ್ಯೆ ನೆನಪಿದ್ದ ಕಾರಣ ಅವರಿಗೆ ಆರು ಅಂಕಿ ಸುಲಭವೆನಿಸಿತು. ಅಡುಗೆಮನೆಯ ಮೇಜಿನ ಬಳಿ ಕೂತು ಹೆಂಡತಿ ಕ್ಯಾರೋಲಿನ್ ಅವರನ್ನು ಕೇಳಿದರು. "ನನಗೆ ನಾಲ್ಕು ಮಾತ್ರ ನೆನಪಿರುತ್ತದೆ" ಎಂಬ ಅರ್ಥದ ಉತ್ತರ ಬಂತು. ಆರು ನಾಲ್ಕಾಯಿತು! ಈ ಸಂಗತಿಯನ್ನು ಶೆಪರ್ಡ್-ಬ್ಯಾರನ್ 2007ರಲ್ಲಿ ಬಿಬಿಸಿಗೆ ತಾವೇ ಹೇಳಿದ್ದಾರೆ. ನ್ಯಾಯವಾಗಿ ಹೇಳಬೇಕೆಂದರೆ, ಗುಟ್ಟಿನ ಸಂಖ್ಯೆಯ ವ್ಯವಸ್ಥೆಗೆ 1966ರಲ್ಲೇ ಪೇಟೆಂಟ್ ಅರ್ಜಿ ಸಲ್ಲಿಸಿದವರು ಜೇಮ್ಸ್ ಗುಡ್‌ಫೆಲೋ ಎಂಬ ಇನ್ನೊಬ್ಬ ಸ್ಕಾಟಿಷ್ ಇಂಜಿನಿಯರ್.

ನಮ್ಮ ದೇಶದ ಮೊದಲ ಎಟಿಎಂ 1987ರಲ್ಲಿ ಬಂದದ್ದು ನಮ್ಮ ಮುಂಬಯಿಗೇ. ತಂದದ್ದು ಎಚ್‌ಎಸ್‌ಬಿಸಿ ಬ್ಯಾಂಕು. 2016ರ ಏಪ್ರಿಲ್ 11ರಂದು ಯುಪಿಐಗೆ ಚಾಲನೆ ಸಿಕ್ಕಿದ್ದೂ ಇದೇ ಊರಿನಲ್ಲಿ. ಅದರ ಪಿನ್ ನಾಲ್ಕು ಅಂಕಿಯದೂ ಇರಬಹುದು, ಆರು ಅಂಕಿಯದೂ ಇರಬಹುದು.

ಗಾದೆಯೊಳಗೊಂದು ಪಿನ್

ನಾಲ್ಕು ಅಂಕಿಗಳಿಂದ ಒಟ್ಟು 10,000 ಸಂಖ್ಯೆ ಮಾಡಬಹುದು. ಆದರೂ ನಾವು ಆರಿಸುವುದು ಏನು? 1234, ಇಲ್ಲವೇ 0000, ಅದೂ ಅಲ್ಲವಾದರೆ ಮಗನ ಹುಟ್ಟಿದ ವರ್ಷ! ಕಳ್ಳ ಮೊದಲು ಒತ್ತಿ ನೋಡುವುದೂ ಇವನ್ನೇ. ಮದುವೆಯ ದಿನಾಂಕ, ಗಾಡಿಯ ನಂಬರು, ಫ್ಲ್ಯಾಟಿನ ನಂಬರು ಇವೂ ಬೇಡ. ಪರ್ಸಿನಲ್ಲಿ ಕಾರ್ಡಿನ ಜೊತೆಗೇ ಚೀಟಿ ಬರೆದಿಡುವುದಂತೂ ಬೀಗದ ಮೇಲೆಯೇ ಕೀಲಿಕೈ ನೇತುಹಾಕಿದ ಹಾಗೆ.

ಕನ್ನಡ ಬಲ್ಲವರಿಗೆ ಒಂದು ಸುಲಭ ಉಪಾಯವಿದೆ. ನಾಲ್ಕು ಪದಗಳ ಗಾದೆಯೊಂದನ್ನು ಆರಿಸಿಕೊಂಡು ಪ್ರತಿ ಪದದ ಅಕ್ಷರ ಎಣಿಸಿ. "ಕೈ ಕೆಸರಾದರೆ ಬಾಯಿ ಮೊಸರು" ಎಂಬುದನ್ನೇ ನೋಡಿ: ಕೈ ಒಂದು, ಕೆಸರಾದರೆ ಐದು, ಬಾಯಿ ಎರಡು, ಮೊಸರು ಮೂರು. ಆಯಿತಲ್ಲ, 1523! ಗಾದೆ ಮರೆಯುವ ಪ್ರಶ್ನೆಯೇ ಇಲ್ಲ. ಈ ಗಾದೆ ಇಲ್ಲಿ ಅಚ್ಚಾಗಿ ಎಲ್ಲರ ಕೈಗೂ ಬಂದಿರುವುದರಿಂದ ಇದನ್ನು ಬಿಟ್ಟು ಬೇರೆ ಹುಡುಕಿಕೊಳ್ಳಿ. ನಿಮ್ಮ ಅಜ್ಜಿ ಹೇಳುತ್ತಿದ್ದ, ಹೊರಗಿನವರು ಕೇಳದ ಗಾದೆಯಾದರೆ ಇನ್ನೂ ಒಳ್ಳೆಯದು.

ಹೇಳಬಾರದ್ದು

ಇನ್ನು ಈ ಅಂಕಿಗಳನ್ನು ಯಾವಾಗ ಒತ್ತಬಾರದು ಎಂಬ ವಿಷಯ. ಒಂದೇ ಒಂದು ಮಾತು ನೆನಪಿಡಿ: ಹಣ ಕೊಡುವಾಗ ಪಿನ್ ಬೇಕು; ಹಣ ಪಡೆಯುವಾಗ ಪಿನ್ ಬೇಡ. ಹಳೆಯ ಸೋಫಾ ಮಾರಲು ಜಾಹೀರಾತು ಕೊಟ್ಟಿದ್ದೀರಿ ಎನ್ನಿ. ಕೊಳ್ಳುವವನು ಮೃದುವಾಗಿ ಮಾತನಾಡಿ ಒಂದು ಕ್ಯೂಆರ್ ಚಿತ್ರ ಕಳಿಸುತ್ತಾನೆ. "ಆಂಟಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತದೆ" ಎನ್ನುತ್ತಾನೆ. ಪಿನ್ ಹಾಕಿದಿರೋ, ದುಡ್ಡು ಬರುವುದಿಲ್ಲ, ಹೋಗುತ್ತದೆ. ಪಿನ್ ಎಂದರೆ ಸಹಿ. ಬರುವ ಹಣಕ್ಕೆ ಚೆಕ್ಕಿನ ಮೇಲೆ ನೀವು ಸಹಿ ಹಾಕಿ ಕೊಡುತ್ತೀರಾ? ಇದೂ ಹಾಗೆಯೇ.

ಇಂಥ ಇನ್ನೂ ಮೂರು ಬಲೆಗಳಿವೆ.

1. ಮನೆಯಲ್ಲೇ ಕೆಲಸ. ವಿಡಿಯೋಗೆ ಲೈಕ್ ಒತ್ತಿದರೆ ಹಣ ಎನ್ನುತ್ತಾರೆ. ಮೊದಲು ನೂರಿನ್ನೂರು ನಿಜವಾಗಿಯೂ ಬರುತ್ತದೆ. ನಂಬಿಕೆ ಹುಟ್ಟಿದ ಮೇಲೆ "ದೊಡ್ಡ ಕೆಲಸಕ್ಕೆ ಡಿಪಾಜಿಟ್ ಇಡಿ" ಎನ್ನುತ್ತಾರೆ. ಸಂಬಳ ಕೊಡುವವನು ನಮ್ಮಿಂದಲೇ ಹಣ ಕೇಳಿದರೆ ಅದು ನೌಕರಿಯಲ್ಲ.

2. ವಿಡಿಯೋದಲ್ಲಿ ಪೊಲೀಸ್. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು 'ಡಿಜಿಟಲ್ ಅರೆಸ್ಟ್' ಮಾಡಿದ್ದೇವೆ, ಯಾರಿಗೂ ಹೇಳಬೇಡಿ ಎಂದು ಗಂಟೆಗಟ್ಟಲೆ ಹೆದರಿಸುತ್ತಾರೆ. ನಮ್ಮ ದೇಶದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಪ್ರಧಾನಿಯವರು 2024ರ ಅಕ್ಟೋಬರ್ 27ರ 'ಮನ್ ಕೀ ಬಾತ್'ನಲ್ಲೂ ಇದನ್ನೇ ಹೇಳಿದ್ದರು. ಫೋನ್ ಇಡಿ, ಪಕ್ಕದ ಮನೆಯ ಗಂಟೆ ಒತ್ತಿ. ಒಂಟಿತನವೇ ಅವರ ಬಂಡವಾಳ.

3. ಗೊತ್ತಿಲ್ಲದೆ ಹೋಗುವ ಚಂದಾ. ಯಾವುದೋ ಸಿನಿಮಾ ನೋಡಲು ಮೊದಲ ತಿಂಗಳು ಒಂದು ರೂಪಾಯಿ ಎಂದು ಸೇರಿರುತ್ತೀರಿ. ಸಿನಿಮಾ ಮುಗಿಯುತ್ತದೆ, ಚಂದಾ ಮುಗಿಯುವುದಿಲ್ಲ! ಇದು ಮೋಸವಲ್ಲ, ನಾವೇ ಕೊಟ್ಟ ಒಪ್ಪಿಗೆ. ಯುಪಿಐ ಆ್ಯಪಿನಲ್ಲಿ 'ಆಟೋಪೇ' ಎಂಬ ಜಾಗ ತೆರೆದು ನೋಡಿ. ನಿಮ್ಮ ಒಪ್ಪಿಗೆಗಳ ಪಟ್ಟಿ ಅಲ್ಲಿರುತ್ತದೆ, ಬೇಡದ್ದನ್ನು ಅಲ್ಲಿಯೇ ರದ್ದು ಮಾಡಬಹುದು.

ಇಷ್ಟೆಲ್ಲ ಎಚ್ಚರವಿದ್ದೂ ಹಣ ಹೋದರೆ? ಅಳುತ್ತಾ ಕೂರಬೇಡಿ, ನಾಚಿಕೆಯಿಂದ ಮುಚ್ಚಿಡಲೂ ಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಅದು ಯಾವುದಾದರೂ ಖಾತೆಯಲ್ಲಿ ನಿಂತಿರುವಾಗಲೇ ತಡೆದರೆ ಸಿಗುವ ಆಸೆಯಿದೆ. ನಾಳೆ ಮಗ ಬಂದ ಮೇಲೆ ನೋಡೋಣ ಎಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹೇಳಲೇಬೇಕಾದ್ದು

ಇಷ್ಟು ಹೊತ್ತು ಗುಟ್ಟು ಕಾಪಾಡಿ ಎಂದೆ. ಈಗ ಗುಟ್ಟು ಬಿಡಿ ಎನ್ನುತ್ತೇನೆ. ನಮ್ಮ ಮನೆಗಳಲ್ಲಿ ನಡೆಯುವುದು ತಿರುಗಾಮುರುಗಾ. ಪಿನ್ ಅನ್ನು ಅಂಗಡಿಯವನ ಎದುರು ಗಟ್ಟಿಯಾಗಿ ಹೇಳುತ್ತೇವೆ. ಯಾವ ಬ್ಯಾಂಕಿನಲ್ಲಿ ಎಷ್ಟು ಖಾತೆ ಇದೆ ಎಂಬುದನ್ನು ಮಾತ್ರ ಕೈಹಿಡಿದವಳಿಗೂ ಹೇಳುವುದಿಲ್ಲ!

ನಮ್ಮ ಬಿಲ್ಡಿಂಗಿನ ಹಿರಿಯ ಗೃಹಿಣಿಯೊಬ್ಬರ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಆಕೆ ಕಪಾಟು ತೆರೆದರೆ ಮೂರು ಬ್ಯಾಂಕಿನ ಪಾಸ್‌ಪುಸ್ತಕ, ಎಲ್ಲವೂ ಹಳೆಯವು. ಯಾವುದು ಬದುಕಿದೆ, ಯಾವುದು ಮುಚ್ಚಿದೆ ಎಂದು ತಿಳಿಯದು. "ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರಮ್ಮಾ. ನಾನಾಗಿ ಕೇಳಿದರೆ ಸಂಶಯಪಟ್ಟ ಹಾಗಾಗುತ್ತದೆ ಎಂದು ಸುಮ್ಮನಿದ್ದೆ" ಎಂದರು. ನಲವತ್ತು ವರ್ಷ ಮನೆಯ ಅಕ್ಕಿ ಬೇಳೆಯ ಲೆಕ್ಕವನ್ನು ಒಂದು ಪೈಸೆ ತಪ್ಪದೆ ಇಟ್ಟವರು ಆಕೆ. ತಮ್ಮದೇ ಮನೆಯ ಹಣಕ್ಕಾಗಿ ಕಾಗದಪತ್ರ ಹಿಡಿದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದರು. ಕಾರ್ಡಿನ ಪಿನ್ ಮಗನಿಗೆ ಗೊತ್ತಿತ್ತು. "ಎಟಿಎಂನಿಂದ ತೆಗೆದುಬಿಡಿ" ಎಂದು ಸಲಹೆ ಕೊಟ್ಟವರೂ ಇದ್ದರು. ಅದು ಸರಿಯಲ್ಲ. ಖಾತೆದಾರರು ತೀರಿಕೊಂಡ ಮೇಲೆ ಅವರ ಕಾರ್ಡ್ ಬಳಸಬಾರದು. ಮರಣಪತ್ರ ಕೊಟ್ಟು ಬ್ಯಾಂಕಿನ ಮೂಲಕವೇ ಪಡೆಯಬೇಕು. ಅಂಥ ಹೊತ್ತಿನಲ್ಲಿ ಕೈ ಹಿಡಿಯುವುದು ಪಿನ್ ಅಲ್ಲ, ನಾಮಿನಿಯ ಹೆಸರು.

2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಬಹುದು. ಇಲ್ಲಿಯೂ ನಾಲ್ಕೇ, ನೋಡಿ! ಇಂತಿಷ್ಟು ಪಾಲು ಇಂಥವರಿಗೆ ಎಂದು ಹಂಚಬಹುದು. ಇಲ್ಲವೇ ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು ಎಂದು ಸಾಲಾಗಿ ಬರೆಯಬಹುದು. ಲಾಕರಿಗೆ ಸಾಲಿನ ಕ್ರಮ ಮಾತ್ರ. ನಾಮಿನಿ ಎಂದರೆ ಹಣವನ್ನು ಬ್ಯಾಂಕಿನಿಂದ ಪಡೆಯುವ ಹಕ್ಕುಳ್ಳವರು, ಮಾಲೀಕರಲ್ಲ. ಕೊನೆಗೆ ಅದು ಯಾರಿಗೆ ಸೇರಬೇಕು ಎಂಬುದು ಉಯಿಲು ಮತ್ತು ವಾರಸುದಾರಿಕೆಯ ಕಾನೂನಿಗೆ ಬಿಟ್ಟದ್ದು. ಆದ್ದರಿಂದ ಉಯಿಲೂ ಇರಲಿ.

ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋಯಿತೆಂದು ಎದೆಗುಂದಬೇಡಿ, ವಾರಸುದಾರರು ಆಮೇಲೂ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಅಂಥ ಹಣ ಹುಡುಕಲೆಂದೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ 'ಉದ್ಗಮ್' ಎಂಬ ಪೋರ್ಟಲ್ ತೆರೆದಿದೆ. ತೀರಿಕೊಂಡ ಹಿರಿಯರ ಹೆಸರು ಹಾಕಿ ಹುಡುಕಲು ಶುಲ್ಕವಿಲ್ಲ. ಊರಿನಲ್ಲಿದ್ದ ಅಜ್ಜ, ಬ್ಯಾಂಕ್ ಹೆಸರು ಬದಲಾದ ಮೇಲೆ ಯಾರೂ ನೆನೆಯದ ಅವರ ಖಾತೆ, ಇವೆಲ್ಲ ನಮ್ಮಂಥ ಹೊರನಾಡಿಗರ ಮನೆಗಳಲ್ಲಿ ಸಾಮಾನ್ಯ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಅದೇ ವರ್ಷ ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಹಳೆಯ ಪಾಸ್‌ಪುಸ್ತಕ ಸಿಕ್ಕರೆ ರದ್ದಿಗೆ ಹಾಕುವ ಮೊದಲು ಇದನ್ನು ನೆನೆಯಿರಿ.

ಒಂದು ನೋಟ್‌ಪುಸ್ತಕ, ಒಂದು ಭಾನುವಾರ

ಈ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟಿವಿ ಹಾಕುವ ಮೊದಲು ಗಂಡಹೆಂಡಿರು ಇಬ್ಬರೂ ಕೂತು ಒಂದು ನೋಟ್‌ಪುಸ್ತಕದಲ್ಲಿ ಇಷ್ಟನ್ನು ಬರೆಯಿರಿ:

ಯಾವ ಬ್ಯಾಂಕು, ಯಾವ ಶಾಖೆ, ಒಂಟಿ ಖಾತೆಯೋ ಜಂಟಿಯೋ, ನಾಮಿನಿ ಯಾರು. ಎಫ್‌ಡಿ ಮುಗಿಯುವ ತಾರೀಖು. ವಿಮೆಯ ಪಾಲಿಸಿ ನಂಬರು. ಪಿಪಿಎಫ್, ಅಂಚೆ ಉಳಿತಾಯ, ಶೇರು. ಸೊಸೈಟಿಯ ಶೇರ್ ಸರ್ಟಿಫಿಕೇಟ್ ಎಲ್ಲಿದೆ. ಲಾಕರಿನ ಕೀಲಿಕೈ ಎಲ್ಲಿದೆ. ಯಾರಿಗೆ ಸಾಲ ಕೊಟ್ಟಿದ್ದೇವೆ, ಯಾರಿಂದ ತಂದಿದ್ದೇವೆ.

ಬರೆಯಬಾರದ್ದು ಪಿನ್ ಮತ್ತು ಪಾಸ್‌ವರ್ಡ್ ಮಾತ್ರ. ಜಂಟಿ ಖಾತೆಯಾದರೆ 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂಬ ಕ್ರಮ ಇದೆಯೇ ಎಂದೂ ನೋಡಿಕೊಳ್ಳಿ. ಹಾಗೆಯೇ, ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿರುವ ಒಬ್ಬರ ಠೇವಣಿ ಬಡ್ಡಿ ಎಲ್ಲ ಸೇರಿ ₹5 ಲಕ್ಷದವರೆಗೆ ಠೇವಣಿ ವಿಮೆಯ ರಕ್ಷೆ ಇದೆ. ಈ ಮಿತಿ 2020ರ ಫೆಬ್ರವರಿ 4ರಂದು ಒಂದು ಲಕ್ಷದಿಂದ ಏರಿದ್ದು. ಇದ್ದದ್ದೆಲ್ಲವನ್ನೂ ಒಂದೇ ಬುಟ್ಟಿಗೆ ತುಂಬುವವರು ಇದನ್ನು ಗಮನಿಸಬೇಕು.

ಸಹೋದರಿಯರೇ, ನಿಮಗೂ ಒಂದು ಮಾತು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಎಷ್ಟು ಮನೆಗಳಲ್ಲಿ ಸಾಸಿವೆ ಡಬ್ಬಿ, ಸೀರೆಯ ಮಡಿಕೆಗಳಿಂದ ಗುಟ್ಟಿನ ಉಳಿತಾಯ ಹೊರಬಂತು, ನೆನಪಿದೆಯೇ? ಗಂಡಸರು ನಕ್ಕರು, ಕೆಲವರು ಗದರಿದರು. ಆ ದುಡ್ಡೇ ಎಷ್ಟೋ ಮನೆಯ ಕಷ್ಟಕ್ಕೆ ಆಗಿದ್ದೂ ಉಂಟು. ಉಳಿಸುವ ಗುಣ ಬಿಡಬೇಡಿ, ಡಬ್ಬಿ ಬದಲಿಸಿ. ನಿಮ್ಮ ಹೆಸರಿನಲ್ಲೇ ಒಂದು ಉಳಿತಾಯ ಖಾತೆ ಇರಲಿ. ಅದು ಆ ನೋಟ್‌ಪುಸ್ತಕದಲ್ಲೂ ಇರಲಿ. ಕೇಳಲು ಸಂಕೋಚ ಬೇಡ. ನಾಳೆ ಬೇಳೆ ಎಷ್ಟಿದೆ ಎಂದು ಡಬ್ಬಿ ತೆರೆದು ನೋಡುವುದು ಸಂಶಯವೇ? ಇದೂ ಮನೆವಾರ್ತೆಯೇ.

ಯಜಮಾನರು "ಈಗ ಇದೆಲ್ಲ ಏಕೆ, ನಾನು ಇಷ್ಟು ಬೇಗ ಹೋಗುವವನಲ್ಲ" ಎಂದು ತಮಾಷೆ ಮಾಡಿದರೆ ಕ್ಯಾರೋಲಿನ್ ಅವರ ಕಥೆ ಹೇಳಿ. ಶೆಪರ್ಡ್-ಬ್ಯಾರನ್ ಹೆಂಡತಿಯನ್ನು ಒಂದು ಮಾತು ಕೇಳಿದ್ದಕ್ಕೆ ಪ್ರಪಂಚದ ಕೋಟ್ಯಂತರ ಜನರಿಗೆ ನೆನಪಿಡುವ ಕಷ್ಟ ಕಡಿಮೆಯಾಯಿತು. ನಿಮ್ಮವರು ನಿಮಗೆ ಒಂದು ಮಾತು ಹೇಳಿದರೆ ನಿಮ್ಮ ಮನೆಯ ಕಷ್ಟವಾದರೂ ಕಡಿಮೆಯಾಗುವುದಿಲ್ಲವೇ?

ಪುಸ್ತಕ ಬರೆದು ಮುಗಿಸಿದವರು ಮುಂದಿನ ಸಲ ಸಂಘದಲ್ಲಿ ಸಿಕ್ಕಾಗ "ಬರೆದೆವು" ಎಂದಷ್ಟೇ ಹೇಳಿ. ಎಷ್ಟಿದೆ ಎಂದು ನಾನು ಕೇಳುವುದಿಲ್ಲ! ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.