ಆಂಟಿಬಾಡಿ ನಂಬರ್ ತೋರಿಸಿ ಎರಡನೇ ಡೋಸ್ ಬೇಡ ಅನ್ನಬೇಡಿ

ಬೆಂಗಳೂರಿನ ಚಂದ್ರಾ ಲೇಔಟ್‌ನಲ್ಲಿರುವ ಮಗನ ಮನೆಗೆ ಹೋಗಿದ್ದ ನಮ್ಮೂರಿನ ಹಿರಿಯರೊಬ್ಬರು ಅಲ್ಲಿನ ಲ್ಯಾಬೊಂದರಲ್ಲಿ ಆಂಟಿಬಾಡಿ ಟೆಸ್ಟ್ ಮಾಡಿಸಿ, ರಿಪೋರ್ಟಿನ ಫೋಟೊವನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. '250ಕ್ಕಿಂತ ಹೆಚ್ಚು' ಅಂತಿದೆ. ಕೆಳಗೆ ಅವರದೇ ಮಾತು: 'ನನಗೆ ಪವರ್ ಇದೆ, ಎರಡನೇ ಸೂಜಿ ಬೇಡ.' ಅದನ್ನು ನೋಡಿ ಇನ್ನೂ ನಾಲ್ಕು ಮಂದಿ ಬೇಡ ಅಂದಿದ್ದಾರೆ. ನನ್ನ ತಕರಾರು ಇರುವುದು ಇಲ್ಲೇ.

ಆ ಟೆಸ್ಟ್ ಅಳೆಯುವುದು ರಕ್ತದಲ್ಲಿ ತೇಲುವ ಆಂಟಿಬಾಡಿಗಳನ್ನು ಮಾತ್ರ. ವೈರಸ್ ಜೀವಕೋಶದೊಳಗೆ ನುಗ್ಗದಂತೆ ತಡೆಯುವುದು ಅವುಗಳ ಕೆಲಸ. ನುಗ್ಗಿದ ಮೇಲೆ? ಆಗ ಬೇಕಾಗುವುದು ಟಿ ಕೋಶಗಳು. ಪಪ್ಪಾಯಿ ತೋಟಕ್ಕೆ ನಂಜು ರೋಗ ಬಂದರೆ, ಪಕ್ಕದ ಗಿಡ ಉಳಿಯಲಿ ಅಂತ ರೋಗದ ಗಿಡವನ್ನು ಕಿತ್ತು ಸುಡುತ್ತೀರಲ್ಲ, ಹಾಗೆ. ಟಿ ಕೋಶಗಳಲ್ಲಿ ಒಂದು ಪಂಗಡ ವೈರಸ್ ಹೊಕ್ಕ ಕೋಶವನ್ನೇ ಕೊಲ್ಲುತ್ತದೆ. ಇನ್ನೊಂದು ಪಂಗಡ ಆಂಟಿಬಾಡಿ ತಯಾರಿಸುವ ಕೋಶಗಳಿಗೆ ನೆರವಾಗುತ್ತದೆ. ಇವುಗಳ ನೆನಪೂ ದೊಡ್ಡದು: 2003ರಲ್ಲಿ ಸಾರ್ಸ್ ಬಂದು ಗುಣವಾದವರ ರಕ್ತವನ್ನು 17 ವರ್ಷದ ಮೇಲೆ ಸಿಂಗಾಪುರದಲ್ಲಿ ಪರೀಕ್ಷಿಸಿದಾಗಲೂ ಆ ವೈರಸ್ಸನ್ನು ಗುರುತಿಸುವ ಟಿ ಕೋಶಗಳು ಸಿಕ್ಕವು.

ಲ್ಯಾಬಿನ ನಂಬರಿನಲ್ಲಿ ಇದ್ಯಾವುದೂ ಇಲ್ಲ. ಟಿ ಕೋಶಗಳನ್ನು ಪರೀಕ್ಷಿಸಲು ಜೀವಂತ ಕೋಶಗಳೇ ಬೇಕು, ಅದು ಬೀದಿಬದಿಯ ಲ್ಯಾಬಿನ ಕೆಲಸವಲ್ಲ. ಲಸಿಕೆ ಪಡೆದವರ ರಕ್ಷಣೆ ಎಷ್ಟಿದೆ ಎಂದು ತಿಳಿಯಲು ಆಂಟಿಬಾಡಿ ಟೆಸ್ಟ್ ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರ ಮೇ ತಿಂಗಳಲ್ಲೇ ಹೇಳಿದೆ. ಆ ಮಾತನ್ನು ರಿಪೋರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲು ಲ್ಯಾಬಿನವರಿಗೆ ಏನು ಕಷ್ಟ? ದುಡ್ಡು ಎಣಿಸಿಕೊಳ್ಳಲು ಕಷ್ಟವಿರಲಿಲ್ಲ.

ಆಂಟಿಬಾಡಿಯ ಹಿಂದೆ ಓಡಿದ್ದು ನಾವಷ್ಟೇ ಅಲ್ಲ, ಸರ್ಕಾರವೂ ಓಡಿತ್ತು. 2020ರ ಜುಲೈಯಲ್ಲಿ ಪ್ಲಾಸ್ಮಾ ಕೊಟ್ಟವರಿಗೆ ನಮ್ಮ ರಾಜ್ಯ ಸರ್ಕಾರ 5,000 ರೂಪಾಯಿ ಘೋಷಿಸಿತು. ಗುಣವಾದವರ ಆಂಟಿಬಾಡಿಯನ್ನು ರೋಗಿಗೆ ಏರಿಸುವುದು ಲೆಕ್ಕಾಚಾರ. ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನೋಡಿತು: ರೋಗ ತೀವ್ರವಾಗುವುದೂ ತಪ್ಪಲಿಲ್ಲ, ಸಾವೂ ತಗ್ಗಲಿಲ್ಲ. 2021ರ ಮೇನಲ್ಲಿ ಪ್ಲಾಸ್ಮಾವನ್ನು ಚಿಕಿತ್ಸೆಯ ಪಟ್ಟಿಯಿಂದ ತೆಗೆದರು. ಅಷ್ಟರಲ್ಲಿ ಎಷ್ಟು ಮನೆಯವರು ಪ್ಲಾಸ್ಮಾಕ್ಕಾಗಿ ರಾತ್ರಿಯಿಡೀ ಫೋನ್ ಮಾಡಿದ್ದರು!

ಆಮೇಲೆ ಒಮಿಕ್ರಾನ್ ಬಂತು. ದೇಶದ ಮೊದಲ ಎರಡು ಪ್ರಕರಣ 2021ರ ಡಿಸೆಂಬರ್ 2ರಂದು ಗೊತ್ತಾದದ್ದು ಬೆಂಗಳೂರಿನಲ್ಲೇ. ಇಬ್ಬರೂ ಲಸಿಕೆ ಪಡೆದವರು. 'ನೋಡಿ, ಲಸಿಕೆ ದಂಡ' ಅಂತ ಗ್ರೂಪಿನಲ್ಲಿ ಬಂತು. ಆಂಟಿಬಾಡಿ ಹಿಡಿಯುವ ಜಾಗಗಳನ್ನು ಈ ತಳಿ ಬದಲಿಸಿಕೊಂಡಿದೆ, ಸೋಂಕು ತಗಲುವುದು ಅದಕ್ಕೇ. ಟಿ ಕೋಶಗಳು ವೈರಸ್ಸಿನ ಹಲವು ತುಣುಕುಗಳನ್ನು ಗುರುತು ಹಿಡಿಯುವುದರಿಂದ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ನೆಗಡಿ ಜ್ವರಕ್ಕೆ ನಿಲ್ಲುವುದಕ್ಕೂ ಐಸಿಯುಗೆ ಹೋಗುವುದಕ್ಕೂ ನಡುವೆ ಅವುಗಳ ಪಾತ್ರ ದೊಡ್ಡದು. ವಯಸ್ಸಾದಂತೆ ಹೊಸ ಟಿ ಕೋಶಗಳು ಹುಟ್ಟುವುದು ಕಡಿಮೆಯಾಗುತ್ತದೆ. ಹಾಗಾಗಿ ಎರಡನೇ ಡೋಸ್ ಬಿಡಬಾರದವರು ಮೊದಲು ಹಿರಿಯರೇ.

ಇನ್ನೊಂದು ಮಾತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಸ್ಟೀರಾಯ್ಡ್ ಮಾತ್ರೆ ತಂದು ಜ್ವರದ ಮೊದಲ ದಿನವೇ ನುಂಗುವವರಿದ್ದಾರೆ. ಅದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ, ಟಿ ಕೋಶಗಳನ್ನೂ ಅದುಮುತ್ತದೆ. ಉಪಯೋಗ ಕಂಡದ್ದು ಆಕ್ಸಿಜನ್ ಬೇಕಾದ ರೋಗಿಗಳಿಗೆ ಮಾತ್ರ. ಸಕ್ಕರೆ ಕಾಯಿಲೆ ಇರುವವರು ಕಪ್ಪು ಶಿಲೀಂಧ್ರ ನೆನಪಿಟ್ಟುಕೊಳ್ಳಿ. ಜ್ವರ ಬಂದರೆ ಆಕ್ಸಿಮೀಟರ್‌ನಲ್ಲಿ ನೋಡಿಕೊಳ್ಳಿ, 94ಕ್ಕಿಂತ ಇಳಿದರೆ ಆಸ್ಪತ್ರೆಗೆ ಹೋಗಿ. ಆ ಮಾತ್ರೆ ಬೇಕೋ ಬೇಡವೋ ಅಂತ ಡಾಕ್ಟರು ಹೇಳಲಿ.