ಹೊಸ ಹೋಟೆಲಿನ ಹೊಳಪು, ಹೊಟ್ಟೆಯ ಲೆಕ್ಕ

ವಿಜಯವಾಡೆಯಿಂದ ಸುಮಾರು 20 ಕಿಲೋಮೀಟರು ದೂರದ ಗನ್ನವರಂ, ಹೊರನಾಡ ಕನ್ನಡಿಗರ ಪಾಲಿಗೆ ಬೀಳ್ಕೊಡುಗೆಯ ಊರು. ವಿಮಾನ ನಿಲ್ದಾಣವಿರುವುದು ಅಲ್ಲಿ. ಊರಿನಿಂದ ಬಂದ ಹಿರಿಯರನ್ನು ಬೆಂಗಳೂರಿನ ವಿಮಾನ ಹತ್ತಿಸಲು ಹೊರಟ ಕುಟುಂಬವೊಂದು ಹೆದ್ದಾರಿಯ ಬದಿಯಲ್ಲಿ ಹೊಸದಾಗಿ ತೆರೆದ ಅಮೆರಿಕ ಮಾದರಿಯ ಉಪಾಹಾರ ಗೃಹದ ಮುಂದೆ ಕಾರು ನಿಲ್ಲಿಸುತ್ತದೆ. ಹನ್ನೊಂದು ವರ್ಷದ ಬಾಲಕನ ಹಟ ಅದು. ಕೆಂಪು ಆಸನ, ತಣ್ಣನೆಯ ಗಾಳಿ, ಗೋಡೆಯ ಮೇಲೆ ಹೊಳೆಯುವ ಚಿತ್ರಗಳು. ದೊಡ್ಡ ಬನ್ನು, ಹುರಿದ ಆಲೂಗಡ್ಡೆ, ಉದ್ದ ಲೋಟದ ತಂಪು ಪಾನೀಯ ಮೇಜಿಗೆ ಬರುತ್ತವೆ.

“ಇಲ್ಲಿ ಒಂದು ಲೋಟ ಮಜ್ಜಿಗೆ ಸಿಕ್ಕೀತೇ ಮಗಾ?” ಎಂದು ಅಜ್ಜ ಕೇಳುತ್ತಾರೆ.

“ಇಲ್ಲಿ ಅದೆಲ್ಲ ಕೇಳಬಾರದು ಅಜ್ಜಾ” ಎಂದು ಮೊಮ್ಮಗ ಪಿಸುಗುಟ್ಟುತ್ತಾನೆ.

ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವಿರೆಂದು ವೈದ್ಯರಿಂದ ಎಚ್ಚರಿಕೆ ಪಡೆದಿರುವ ನಡುವಯಸ್ಸಿನ ತಂದೆ, ಇಬ್ಬರ ನಡುವೆ ಕುಳಿತು, ಮಗ ಉಳಿಸಿದ್ದನ್ನೂ ತಿಂದು ಮುಗಿಸುತ್ತಾನೆ. ಹಣ ಕೊಟ್ಟ ಪದಾರ್ಥ ವ್ಯರ್ಥವಾಗಬಾರದಲ್ಲವೇ!

ಇಂತಹ ಹೋಟೆಲುಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಪರದೇಶದ್ದಾದುದರಿಂದ ತ್ಯಾಜ್ಯವೆಂಬುದು ಒಂದು. ನಾಗರಿಕತೆಯ ಲಕ್ಷಣವಾದುದರಿಂದ ಸ್ವಾಗತಾರ್ಹವೆಂಬುದು ಇನ್ನೊಂದು. ಎರಡೂ ವಿಚಾರಕ್ಕೆ ನಿಲ್ಲುವಂಥವಲ್ಲ.

1995ರ ಜೂನ್‌ನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಸಂಸ್ಥೆಯ ಮೊದಲ ಭಾರತೀಯ ಮಳಿಗೆ ತೆರೆಯಿತು. ಮಾನೋಸೋಡಿಯಂ ಗ್ಲುಟಮೇಟ್ ಎಂಬ ರುಚಿವರ್ಧಕ ಮಿತಿ ಮೀರಿದೆಯೆಂದು ನಗರಪಾಲಿಕೆಯು ಅದೇ ವರ್ಷ ಪರವಾನಗಿ ರದ್ದುಪಡಿಸಿದರೆ, ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. 1996ರ ಜನವರಿ 30ರಂದು ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರೈತ ಸಂಘದ ಕಾರ್ಯಕರ್ತರು ಮಳಿಗೆಗೆ ನುಗ್ಗಿ ಗಾಜು, ಪೀಠೋಪಕರಣಗಳನ್ನು ಒಡೆದರು. ಗಾಜನ್ನು ಮತ್ತೆ ಕೂರಿಸಲಾಯಿತು. ಇಂದು ಅಂತಹ ಮಳಿಗೆಗಳಿಲ್ಲದ ದೊಡ್ಡ ನಗರವಿಲ್ಲ. ಜನರು ಏನನ್ನು, ಎಷ್ಟು ತಿನ್ನಬೇಕೆಂಬ ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಹಿಂದೆ ಉಳಿಯಿತು.

ಪರದೇಶದ್ದೆಂಬ ಆಕ್ಷೇಪ ಕನ್ನಡಿಗರ ಬಾಯಲ್ಲಂತೂ ಶೋಭಿಸದು. ಸಾರಿನ ಮೆಣಸಿನಕಾಯಿ, ಟೊಮ್ಯಾಟೊ, ದೋಸೆಯೊಳಗಿನ ಆಲೂಗಡ್ಡೆ ಇವೆಲ್ಲ ಮೂಲತಃ ಅಮೆರಿಕ ಖಂಡಗಳ ಬೆಳೆಗಳೇ. ದಕ್ಷಿಣ ಕನ್ನಡದಿಂದ ಮದರಾಸಿಗೆ ಬಂದು, 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದ ಕೆ. ಕೃಷ್ಣರಾಯರು 1962ರಲ್ಲಿ ಅದೇ ನಗರದಲ್ಲಿ ‘ಡ್ರೈವ್-ಇನ್’ ಹೋಟೆಲನ್ನು ತೆರೆದರು. ಕಾರಿನಲ್ಲಿ ಕುಳಿತವರಿಗೆ ಅಲ್ಲಿಗೇ ತಟ್ಟೆ ತಂದುಕೊಡುವ ಈ ಪದ್ಧತಿ ಅಪ್ಪಟ ಅಮೆರಿಕದ್ದು. ತಟ್ಟೆಯಲ್ಲಿದ್ದುದು ಇಡ್ಲಿ, ದೋಸೆ, ಕಾಫಿ. 2008ರಲ್ಲಿ ಮುಚ್ಚುವವರೆಗೂ ಮದರಾಸಿನ ಜನ ಅದನ್ನು ತಮ್ಮದೆಂದೇ ಭಾವಿಸಿದ್ದರು. ಹೊರಗಿನದನ್ನು ಆಯ್ದು ಸ್ವೀಕರಿಸುವ ಜಾಣ್ಮೆ ಕನ್ನಡಿಗರಿಗೆ ಹೊಸತಲ್ಲ.

ಆದುದರಿಂದ ವಿಚಾರಿಸಬೇಕಾದುದು ಜಾತಕವನ್ನಲ್ಲ, ಲೆಕ್ಕವನ್ನು. ಇಂತಹ ಹೋಟೆಲಿಗೆ ಬಾಡಿಗೆ, ಸಂಬಳ, ವಿದ್ಯುತ್ತಿನ ವೆಚ್ಚ ದೊಡ್ಡದು. ಆಲೂಗಡ್ಡೆ, ಸಕ್ಕರೆ ನೀರುಗಳ ವೆಚ್ಚ ಚಿಕ್ಕದು. ಸ್ವಲ್ಪ ಹಣ ಹೆಚ್ಚಿಗೆ ಕೊಟ್ಟರೆ ಲೋಟವೂ ಪೊಟ್ಟಣವೂ ದೊಡ್ಡದಾಗುವುದು ಈ ಕಾರಣದಿಂದಲೇ. ವಾಣಿಜ್ಯ ದೃಷ್ಟಿಯಿಂದ ಗಿರಾಕಿಗೂ ಇದು ಲಾಭವೆಂದೇ ತೋರುತ್ತದೆ. ಆದರೆ ಅಂಗಡಿಯ ಪುಸ್ತಕದಲ್ಲಿ ಜಮೆಯಾದ ಆ ಲಾಭ ದೇಹದ ಪುಸ್ತಕದಲ್ಲಿ ಸಾಲವಾಗಿ ಬರೆಯಲ್ಪಡುತ್ತದೆ. ಸಾಮಾನ್ಯ ಕೋಲಾ ಪಾನೀಯದ 300 ಮಿಲಿಲೀಟರಿನಲ್ಲಿ ಸುಮಾರು 30 ಗ್ರಾಂ, ಎಂದರೆ ಆರು ಟೀ ಚಮಚದಷ್ಟು ಸಕ್ಕರೆಯಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ಇಡೀ ದಿನಕ್ಕೆ ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಬೇಕು. ಹುರಿದು ಉಪ್ಪು ಉದುರಿಸಿದ ತಿನಿಸೂ, ಚೀಸೂ, ಸಾಸೂ ಕೂಡಿದ ಒಂದೇ ಊಟ ಅದರ ದೊಡ್ಡ ಪಾಲನ್ನು ನುಂಗಿಬಿಡಬಲ್ಲುದು.

ಈ ಸಾಲದ ವಸೂಲಿ ಈಗಾಗಲೇ ಆರಂಭವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಗನ್ನವರಂ ದಾರಿಯ ಮೇಜಿನಲ್ಲಿ ಮಗನ ಎಂಜಲನ್ನು ಉಳಿತಾಯವೆಂದು ತಿಳಿದು ತಿಂದ ತಂದೆ ಆ ಹೊಸ್ತಿಲಲ್ಲಿರುವವರಲ್ಲಿ ಒಬ್ಬ.

ಎಲ್ಲ ದೋಷವನ್ನೂ ಅಮೆರಿಕದ ತಲೆಗೆ ಕಟ್ಟುವುದು ನ್ಯಾಯವಲ್ಲ. ಪೂರಿ, ಬೋಂಡ, ಮೈಸೂರುಪಾಕುಗಳಿಗೆ ಸ್ವದೇಶಿ ಎಂಬ ಕಾರಣಕ್ಕೆ ರಿಯಾಯಿತಿಯಿಲ್ಲ. ಕನ್ನಡ ಸಂಘಗಳ ವಾರ್ಷಿಕೋತ್ಸವದ ಊಟದಲ್ಲಿ ಎರಡು ಸಿಹಿ, ಎರಡು ಕರಿದ ಪದಾರ್ಥಗಳಿಲ್ಲದಿದ್ದರೆ ಕಾರ್ಯಕಾರಿ ಸಮಿತಿ ಜಿಪುಣವೆಂಬ ಟೀಕೆ ಬರುತ್ತದೆ. ವೇದಿಕೆಯ ಮೇಲೆ ಆರೋಗ್ಯ ಭಾಷಣ, ಎಲೆಯ ಮೇಲೆ ಜಿಲೇಬಿ!

ಆದರೂ ಮಕ್ಕಳು ಆ ಕೆಂಪು ಆಸನವನ್ನೇ ಏಕೆ ಬಯಸುತ್ತಾರೆ? ಅದು ಕೇವಲ ನಾಲಗೆಯ ಚಾಪಲ್ಯವಲ್ಲ. ಒಂದು ಕಾಲದಲ್ಲಿ ಪರಊರಿನಲ್ಲಿ ನೌಕರಿಗೆ ಸೇರಿದ ಒಂಟಿ ತರುಣನಿಗೆ ಉಡುಪಿ ಹೋಟೆಲು ತಾಯ್ಮನೆಯಾಗಿತ್ತು. ಮಹಾನಗರದಲ್ಲಿ ಹುಟ್ಟಿದ ಅವನ ಮೊಮ್ಮಗನಿಗೆ ತನ್ನ ಓರಗೆಯವರೊಂದಿಗೆ ಸಮನಾಗಿ ಕುಳಿತೆನೆಂಬ ಭಾವನೆಯನ್ನು ಈ ಹೊಸ ಹೋಟೆಲು ಕೊಡುತ್ತದೆ. ತಂದೆತಾಯಿ ಇಬ್ಬರೂ ದುಡಿಯುವ ಮನೆಯಲ್ಲಿ ವಾರಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಉಣ್ಣುವುದು ಅಲ್ಲಿ ಮಾತ್ರವೆಂದಾದರೆ, ಮಗು ಆ ಜಾಗವನ್ನು ಪ್ರೀತಿಸುವುದು ಸಹಜ. ಮಜ್ಜಿಗೆ ಕೇಳಲು ನಾಚುವ ಮಗು ನಾಳೆ ನಾಲ್ವರ ಮುಂದೆ ಕನ್ನಡ ಮಾತನಾಡಲೂ ನಾಚೀತು. ಬನ್ನಿಗಿಂತ ಹೆಚ್ಚು ಭಯಪಡಬೇಕಾದುದು ಈ ನಾಚಿಕೆಗೆ.

ಪರಿಹಾರ ನಿಷೇಧದಲ್ಲಿಲ್ಲ. ತಿಂಗಳಿಗೊಮ್ಮೆ ಹೋಗಲಿ, ಚಿಕ್ಕ ಅಳತೆಯದನ್ನೇ ಕೊಳ್ಳಲಿ, ಹುರಿದದ್ದನ್ನು ಹಂಚಿಕೊಳ್ಳಲಿ, ಪಾನೀಯದ ಬದಲು ನೀರು ಕುಡಿಯಲಿ. ಉಳಿದುದನ್ನು ಉಳಿಸುವ ಧೈರ್ಯ ಹಿರಿಯರಿಗಿರಲಿ. ದಿನಕ್ಕೊಂದು ಹೊತ್ತಾದರೂ ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣಲಿ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದ ಸಕ್ಕರೆ, ರಕ್ತದೊತ್ತಡಗಳನ್ನು ಪರೀಕ್ಷಿಸಿಕೊಳ್ಳಲಿ. ಸಂಘಗಳು ವಾರ್ಷಿಕೋತ್ಸವದ ದಿನವೇ ಅಂತಹ ಶಿಬಿರವನ್ನಿಟ್ಟು, ಎಲೆಯಲ್ಲಿ ಒಂದು ಸಿಹಿಯನ್ನು ಇಳಿಸಿ ಕೋಸಂಬರಿಯನ್ನು ಏರಿಸಲಿ. ಕನ್ನಡಿಗ ಹೋಟೆಲು ಮಾಲೀಕರು ಮಕ್ಕಳು ಕುಳಿತು ಹರಟಬಹುದಾದ ಶುಚಿಯಾದ, ನೆಮ್ಮದಿಯ ಸ್ಥಳವನ್ನು ಒದಗಿಸಲಿ. 1962ರಲ್ಲಿ ಕೃಷ್ಣರಾಯರಿಗೆ ಸಾಧ್ಯವಾದುದು ಇಂದಿನವರಿಗೂ ಅಸಾಧ್ಯವಲ್ಲ.

ಗನ್ನವರಂ ನಿಲ್ದಾಣದ ಬಾಗಿಲಲ್ಲಿ ಅಜ್ಜ ಮೊಮ್ಮಗನ ತಲೆ ನೇವರಿಸಿ, “ರಜೆಗೆ ಊರಿಗೆ ಬಾ, ನಿನ್ನ ಬನ್ನು ಅಲ್ಲೂ ಹುಡುಕೋಣ, ನನ್ನ ಮಜ್ಜಿಗೆ ನೀನೂ ಕುಡಿ” ಎನ್ನುತ್ತಾರೆ. ಇಬ್ಬರ ನಡುವಿನ ಒಪ್ಪಂದ ನ್ಯಾಯವಾದುದೇ. ನಡುವೆ ನಿಂತ ತಂದೆಯ ಆರೋಗ್ಯವೂ ಅದರಿಂದ ಉಳಿದೀತು.